ಸಣ್ಣ ಕಾರಿನ ಹಿಂಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್ ಬೇಕೆ?

ಪರ

ಪಾಂಡವಪುರದ ಕಡೆ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಎಡಕ್ಕೆ ಇಳಿಸಿದವರಿಗೆಲ್ಲ ಇದು ಗೊತ್ತು. ಡಾಂಬರಿನ ಅಂಚಿನಿಂದ ಒಂದು ಹಿಂಚಕ್ರ ಧಡ್ ಅಂತ ಬಿತ್ತೋ, ಇಡೀ ಹಿಂಭಾಗವೇ ಪಕ್ಕಕ್ಕೆ ಕುಲುಕುತ್ತದೆ. ಹಿಂದೆ ಕೂತ ಅಜ್ಜಿ "ಮೆಲ್ಲುಗ್ ಓಡ್ಸ್ಲಾ ಮಗ" ಅನ್ನುವುದು ಸುಮ್ಮನಲ್ಲ. ಸ್ವಿಫ್ಟ್, ಬಲೆನೊ, ಐ20, ಟಿಯಾಗೊ ಎಲ್ಲಕ್ಕೂ ಹಿಂದೆ ಇರುವುದು ಟಾರ್ಷನ್ ಬೀಮ್. ಎರಡು ತೋಳುಗಳನ್ನು ಒಂದು ಅಡ್ಡ ತೊಲೆ ಬೆಸೆದಿರುತ್ತದೆ. ಒಂದು ಚಕ್ರ ಗುಂಡಿಗಿಳಿದರೆ ತೊಲೆ ತಿರುಚಿಕೊಂಡು ಇನ್ನೊಂದನ್ನೂ ಅಲುಗಿಸುತ್ತದೆ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಉಬ್ಬು ಸಿಕ್ಕರೆ ಹಿಂಭಾಗ ಚೂರು ಆಚೆ ಜಿಗಿದಂತಾಗುವುದೂ ಅದರಿಂದಲೇ.

ಕಡಿಮೆ ಬೆಲೆಯ ಕಾರಿಗೆ ಪ್ರತಿ ಚಕ್ರವೂ ತನ್ನಷ್ಟಕ್ಕೆ ಏರಿಳಿಯುವ ಸ್ವತಂತ್ರ ವ್ಯವಸ್ಥೆ ಗಿಟ್ಟುವುದಿಲ್ಲ ಅನ್ನುತ್ತಾರೆ. 1998ರ ಇಂಡಿಕಾಗೂ 2009ರ ನ್ಯಾನೊಗೂ ಅದೇ ಇತ್ತಲ್ಲ!

ವಿರೋಧ

ಇಂಡಿಕಾ ಮಾತು ಬಂತಲ್ಲ, ಮೈಸೂರಿನಲ್ಲಿ ಟ್ಯಾಕ್ಸಿಯಾಗಿ ದುಡಿದ ಇಂಡಿಕಾಗಳನ್ನು ಹಿಂದಿನಿಂದ ನೋಡಿದವರು ನೆನಪಿಸಿಕೊಳ್ಳಲಿ. ಐದು ಜನ, ಮೇಲೆ ಲಗೇಜು. ಹಿಂಭಾಗ ಕುಸಿದು, ಚಕ್ರಗಳ ತಲೆ ಒಳಕ್ಕೆ ವಾಲಿ, ಬುಡ ಹೊರಕ್ಕೆ ಚಾಚಿರುತ್ತಿತ್ತು. ಟೈರು ಬಿಚ್ಚಿದರೆ ಹೊರಗಡೆ ಗೆರೆಗಳು ಚೆನ್ನಾಗೇ ಇವೆ, ಒಳಅಂಚು ಮಾತ್ರ ಬೋಳು. ಸೆಮಿ ಟ್ರೇಲಿಂಗ್ ಆರ್ಮ್, ಅಂದರೆ ಪ್ರತಿ ಚಕ್ರಕ್ಕೂ ಒಂದೊಂದು ಓರೆ ತೋಳಿರುವ ಇಂಡಿಕಾದ ಸಸ್ಪೆನ್ಷನ್, ಕುಗ್ಗಿದಷ್ಟೂ ಚಕ್ರ ವಾಲುತ್ತದೆ, ಅದರ ಗುಣವೇ ಅದು. ಭಾರ ಬಿದ್ದು ಎರಡೂ ಚಕ್ರ ಒಟ್ಟಿಗೆ ಮೇಲೇರಿದಾಗ ಟಾರ್ಷನ್ ಬೀಮ್ ಅವನ್ನು ಹೆಚ್ಚುಕಮ್ಮಿ ನೆಟ್ಟಗೇ ಹಿಡಿದಿಡುತ್ತದೆ.

ಒಂದೊಂದು ಚಕ್ರವನ್ನೂ ಹಲವು ರಾಡುಗಳಿಂದ ಹಿಡಿದು ಈ ದೋಷ ತಪ್ಪಿಸುವ ಮಲ್ಟಿಲಿಂಕ್ ಇಲ್ಲವೆ? ಇದೆ, 1998ರ ಫೋರ್ಡ್ ಫೋಕಸ್‌ನಲ್ಲಿ ಅದರ ಸೊಗಸು ಗೊತ್ತಾಯಿತು. ಆದರೆ ಅದಕ್ಕೆ ರಾಡು, ಬುಷ್ (ಕೀಲಿನ ರಬ್ಬರು) ಜಾಸ್ತಿ, ಡಿಕ್ಕಿಯ ಜಾಗಕ್ಕೂ ಕತ್ತರಿ. ನಮ್ಮ ಧೂಳು ಕೆಸರಿಗೆ ಬುಷ್ ಸವೆದರೆ ಅಲೈನ್‌ಮೆಂಟಿನ ಖರ್ಚು ಬೇರೆ. ಮುಂದೆ ಫೋಕ್ಸ್‌ವ್ಯಾಗನ್ ಕೂಡ ಏಳನೇ ತಲೆಮಾರಿನ ಗಾಲ್ಫ್ ಕಾರಿನ ಕಡಿಮೆ ಶಕ್ತಿಯ ಮಾದರಿಗಳಿಗೆ ಮತ್ತೆ ಬೀಮನ್ನೇ ಹಾಕಿತು. ಯುರೋಪಿನ ರಸ್ತೆಗೆ ಸಾಕಾದದ್ದು ನಮಗೆ ಸಾಲದೆ?

ಅಜ್ಜಿಯ ಬೆನ್ನುನೋವಿಗೆ ಕಾರಣ ಬೇರೆ ಇದೆ. 900 ಕಿಲೋ ಕಾರಿಗೆ 300 ಕಿಲೋ ಜನ ಹತ್ತುತ್ತಾರೆ. ಅಷ್ಟು ಭಾರ ತಡೆಯಲು ಸ್ಪ್ರಿಂಗ್ ಗಟ್ಟಿ ಇರಲೇಬೇಕು. ಒಬ್ಬರೋ ಇಬ್ಬರೋ ಇದ್ದಾಗ ಅದೇ ಸ್ಪ್ರಿಂಗ್ ಎತ್ತಿ ಹಾಕುತ್ತದೆ, ಸಸ್ಪೆನ್ಷನ್ ಯಾವುದೇ ಇರಲಿ. ಮೊದಲು ಟೈರಿನ ಗಾಳಿ ನೋಡಿ. ಆಮೇಲೆ ಡಿಕ್ಕಿಯ ಮೂಲೆಯನ್ನು ಕೈಯಲ್ಲಿ ಒತ್ತಿ ಬಿಡಿ. ಕಾರು ಒಮ್ಮೆ ಎದ್ದು ನಿಲ್ಲದೆ ತೂಗಾಡುತ್ತಲೇ ಇದ್ದರೆ ಹೋಗಿರುವುದು ಶಾಕ್ ಅಬ್ಸಾರ್ಬರ್. ಅದನ್ನು ಬದಲಿಸಲು ಮಂಡ್ಯದ ಯಾವ ಗ್ಯಾರೇಜಾದರೂ ಆದೀತು.