ಬಟನ್ನಿಗಷ್ಟೇ ಗೊತ್ತಿರುವ ಗುಟ್ಟು

ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಈಚೆಗೆ ಯಾವ ಗೃಹಪ್ರವೇಶಕ್ಕೆ ಹೋದರೂ, ಊಟಕ್ಕೆ ಕೂಡಿಸುವ ಮೊದಲು ಅತಿಥಿಗಳನ್ನು ಒಂದು ಗೋಡೆಯ ಮುಂದೆ ನಿಲ್ಲಿಸುವ ಹೊಸ ಶಾಸ್ತ್ರವೊಂದು ಸೇರಿಕೊಂಡಿದೆ. ಮೊದಲೆಲ್ಲ ದೇವರಮನೆ, ಅಡುಗೆಮನೆಯ ಕಟ್ಟೆ, ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ತೋರಿಸುತ್ತಿದ್ದ ಯಜಮಾನರು ಈಗ ನೇರವಾಗಿ ಕಪ್ಪು ಗಾಜಿನ ಫಲಕವೊಂದರ ಬಳಿಗೆ ಕರೆದೊಯ್ದು, ಒಂದರಂತೆಯೇ ಇನ್ನೊಂದಿರುವ ಬಟನ್‌ಗಳ ಸಾಲನ್ನು ತೋರಿಸಿ, "ಒಮ್ಮೆ ಒತ್ತಿ ನೋಡ್ರಿ, ಸಪ್ಪಳನೇ ಇಲ್ಲ" ಎನ್ನುತ್ತಾರೆ. ನಾವು ಒತ್ತುತ್ತೇವೆ. ಸಪ್ಪಳ ನಿಜಕ್ಕೂ ಇರುವುದಿಲ್ಲ, ದೀಪವೂ ಹತ್ತುವುದಿಲ್ಲ. ಯಜಮಾನರು ತಾವೇ ಮುಂದೆ ಬಂದು ಇನ್ನೊಂದನ್ನು ಒತ್ತುತ್ತಾರೆ, ಬಚ್ಚಲುಮನೆಯ ಎಗ್ಜಾಸ್ಟ್ ಫ್ಯಾನ್ ತಿರುಗತೊಡಗುತ್ತದೆ. ಕೊನೆಗೆ ವೈರಿಂಗ್ ಮಾಡಿದ ಹುಡುಗನಿಗೆ ಫೋನು ಹೋಗುತ್ತದೆ. ಅವನು ಸೇಡಂ ಕಡೆ ಮತ್ತೊಂದು ಮನೆಗೆ ಇಂಥದೇ ಫಲಕ ಕೂಡಿಸುತ್ತಿರುತ್ತಾನಾದರೂ ಬೇಸರಿಸಿಕೊಳ್ಳದೆ, "ಎರಡನೇ ಸಾಲಿನಾಗ ಎಡಗಡಿದು ಒತ್ತ್ರಿ ಕಾಕಾ" ಎಂದು ಅಲ್ಲಿಂದಲೇ ಇಲ್ಲಿಯ ದೀಪ ಹಚ್ಚಿಸುತ್ತಾನೆ. ದೂರದಿಂದ ದೀಪ ಹಚ್ಚುವ ತಂತ್ರಜ್ಞಾನ ನಮ್ಮ ಊರಿಗೆ ಬಂದು ತಲುಪಿದ್ದು ಹೀಗೆ.

ಈ ಬಟನ್‌ಗಳನ್ನು ರೂಪಿಸಿದವರ ಪ್ರತಿಭೆಯನ್ನು ಮೆಚ್ಚದೆ ಇರಲಾಗದು. ಸ್ವಿಚ್ಚು ಎಂಬ ವಸ್ತುವಿಗೆ ಜಗತ್ತಿನಲ್ಲಿ ಇರುವ ಕೆಲಸವೇ ಅತ್ಯಲ್ಪ. ಕತ್ತಲಲ್ಲಿ ಕೈಗೆ ಸಿಗಬೇಕು. ತಾನು ಚಾಲೂ ಇದ್ದೇನೆಯೋ ಬಂದ್ ಆಗಿದ್ದೇನೆಯೋ ಎಂಬುದನ್ನು ಬೆರಳಿಗೆ ತಿಳಿಸಬೇಕು. ಇಷ್ಟು ಸಣ್ಣ ಕೆಲಸದಲ್ಲಿಯೂ ಸೋಲುವುದು ಸಾಮಾನ್ಯರಿಂದ ಆಗುವ ಮಾತಲ್ಲ. ಅದಕ್ಕೆ ದೊಡ್ಡ ನಗರಗಳಲ್ಲಿ ಸ್ಟುಡಿಯೋ ಬೇಕು, ಬಣ್ಣದ ಕ್ಯಾಟಲಾಗು ಬೇಕು, ಹಗಲು ಹೊತ್ತಿನಲ್ಲಿಯೂ ಝಗಝಗಿಸುವ ಶೋರೂಮು ಬೇಕು. ಆ ಶೋರೂಮಿನಲ್ಲಿ ಕತ್ತಲೆಯನ್ನು ಯಾರೂ ಕಂಡಿರುವುದಿಲ್ಲ, ಅಲ್ಲಿ ಕರೆಂಟು ಹೋಗುವುದೂ ಇಲ್ಲ. ಹೀಗಾಗಿ ಸ್ವಿಚ್ಚನ್ನು ಮುಟ್ಟುವ ವಸ್ತುವೆಂದು ಭಾವಿಸುವ ಪ್ರಮೇಯವೇ ಅವರಿಗೆ ಬಂದಿಲ್ಲ. ಅವರ ಪಾಲಿಗೆ ಅದು ನೋಡುವ ವಸ್ತು.

ಹಿಂದಿನವರು ಇಷ್ಟು ಮುಂದುವರಿದಿರಲಿಲ್ಲ. ವಿದ್ಯುತ್ ದೀಪ ಮನೆಗಳೊಳಗೆ ಕಾಲಿಡುತ್ತಿದ್ದ ಹೊತ್ತಿನಲ್ಲಿ, 1884ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಜಾನ್ ಹೆನ್ರಿ ಹೋಮ್ಸ್ ಎಂಬ ಎಂಜಿನಿಯರು ತಲೆ ಕೆಡಿಸಿಕೊಂಡಿದ್ದು ಚಂದದ ಬಗ್ಗೆ ಅಲ್ಲ, ಕಿಡಿಯ ಬಗ್ಗೆ. ಕರೆಂಟು ಹರಿಯುತ್ತಿರುವ ಎರಡು ಲೋಹದ ತುದಿಗಳನ್ನು ನಿಧಾನವಾಗಿ ಅಗಲಿಸಿದರೆ ನಡುವಿನ ಗಾಳಿಯಲ್ಲಿ ಕಿಡಿ ಹೊತ್ತಿಕೊಂಡು ನಿಲ್ಲುತ್ತದೆ, ತುದಿಗಳನ್ನು ಸುಟ್ಟು ತಿನ್ನುತ್ತದೆ, ಕೆಲವೊಮ್ಮೆ ಮನೆಯನ್ನೂ ತಿನ್ನುತ್ತದೆ. ಹೋಮ್ಸ್ ಅಲ್ಲೊಂದು ಸ್ಪ್ರಿಂಗನ್ನು ತಂದಿಟ್ಟ. ಒತ್ತುವವನ ಬೆರಳು ಎಷ್ಟೇ ಆಲಸಿಯಾಗಿದ್ದರೂ ಒಳಗಿನ ತುದಿಗಳು ಮಾತ್ರ ಥಟ್ಟನೆ ಸಿಡಿದು ದೂರವಾಗುವಂತೆ ಮಾಡಿದ. ಹಳೆಯ ಸ್ವಿಚ್ಚುಗಳು "ಟಕ್" ಎನ್ನುತ್ತಿದ್ದವಲ್ಲ, ಅದು ಆ ಸ್ಪ್ರಿಂಗು ತನ್ನ ಕೆಲಸ ಮುಗಿಸಿದ ಸದ್ದು. ನೂರು ವರ್ಷಕ್ಕೂ ಮಿಕ್ಕಿ ಮನುಷ್ಯರು ಆ ಸದ್ದನ್ನು ಕೇಳಿ, ಕೆಲಸ ಆಯಿತೆಂದು ನಂಬಿ, ತಿರುಗಿ ನೋಡದೆ ಹೊರಟುಹೋಗುತ್ತಿದ್ದರು. ಈಗ ಅದೇ ಸದ್ದನ್ನು ಅಡಗಿಸಿದ್ದನ್ನು ಮಹತ್ಸಾಧನೆಯೆಂದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕುತ್ತಾರೆ.

ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಗೋಡೆಗಳಲ್ಲಿ, ಕಟ್ಟಿಗೆಯ ಹಲಗೆಯ ಮೇಲೆ, ದುಂಡಗಿನ ಕರಿಯ ಬೇಕಲೈಟ್ ಸ್ವಿಚ್ಚುಗಳು ಕೂತಿರುತ್ತಿದ್ದವು. ಅದರ ಮೂಗು ಕೆಳಗಿದ್ದರೆ ಚಾಲೂ, ಮೇಲಿದ್ದರೆ ಬಂದ್. ಇದು ಬ್ರಿಟಿಷರಿಂದ ಬಂದ ಪದ್ಧತಿ. ಅಮೆರಿಕದಲ್ಲಿ ಇದಕ್ಕೆ ತಿರುಗುಮುರುಗು. ಯಾವ ದೇಶದ್ದಾದರೂ ಸರಿ, ಒಂದು ಪದ್ಧತಿ ಎಂಬುದಿತ್ತು. ಕಣ್ಣು ಕಾಣದ ಮುತ್ಯಾನೂ ಅದನ್ನು ಸವರಿ, ದೀಪ ಹತ್ತಿದೆ, ಆರಿಸಿರಿ ಎಂದು ಹೇಳಬಲ್ಲವನಾಗಿದ್ದ. ಆಮೇಲೆ ಬಂದ ಬಿಳಿಯ ಪಿಯಾನೋ ಸ್ವಿಚ್ಚುಗಳು ಅಂದಗೆಟ್ಟವು, ಬೇಸಿಗೆಗೆ ಹಳದಿಯಾಗುತ್ತಿದ್ದವು, ಆದರೂ ಯಾವ ಬದಿ ಒಳಗೆ ಹೋಗಿದೆ ಎಂಬುದನ್ನು ಮುಚ್ಚಿಡುತ್ತಿರಲಿಲ್ಲ. ಮೆಟ್ಟಿಲಿನ ಟೂ ವೇ ಸ್ವಿಚ್ಚೊಂದೇ ಇದಕ್ಕೆ ಅಪವಾದ. ಅದು ಮೇಲೊಂದು ಕೆಳಗೊಂದು ಕಡೆಯಿಂದ ಒಂದೇ ದೀಪವನ್ನು ಆಳಬೇಕಾದ್ದರಿಂದ ಅದರ ಸುಳ್ಳನ್ನು ಮನ್ನಿಸಬಹುದು.

ಬಟನ್ ಸ್ವಿಚ್ಚಿನ ಕುಲವನ್ನೇ ಇಲ್ಲಿ ಬೈಯುತ್ತಿಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಅದರ ಪೂರ್ವಜರು ಬಹಳ ಮರ್ಯಾದಸ್ತರು. ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದ ಮನೆಗಳಲ್ಲಿ ಹಿತ್ತಾಳೆಯ ತಗಡಿನ ಮೇಲೆ ಎರಡು ಬಟನ್‌ಗಳಿರುತ್ತಿದ್ದವು. ಮೇಲಿನದಕ್ಕೆ ಮುತ್ತಿನ ಚಿಪ್ಪಿನ ಬಿಳಿಯ ಚುಕ್ಕೆ, ಕೆಳಗಿನದು ಪೂರ್ತಿ ಕಪ್ಪು. ಬಿಳಿಯ ಚುಕ್ಕೆಯನ್ನು ಒಳಗೊತ್ತಿದರೆ ದೀಪ ಹತ್ತುತ್ತಿತ್ತು ಮತ್ತು ಕಪ್ಪು ಬಟನ್ ಹೊರಗೆ ಚಿಮ್ಮುತ್ತಿತ್ತು. ಕಪ್ಪನ್ನು ಒತ್ತಿದರೆ ಅದರ ಉಲ್ಟಾ. ಹೊರಗೆ ಚಾಚಿಕೊಂಡಿರುವುದು ಯಾವುದು ಎಂದು ಮುಟ್ಟಿದರೆ ಸಾಕು, ಇಡೀ ಕಥೆ ತಿಳಿಯುತ್ತಿತ್ತು. ಒಂದು ದೀಪಕ್ಕೆ ಎರಡು ಬಟನ್ ಏಕೆ ಎಂದು ಲೆಕ್ಕ ಹಾಕಿದ ಯಾವನೋ ಬುದ್ಧಿವಂತ ಮುಂದೆ ಒಂದನ್ನು ಕಿತ್ತುಹಾಕಿದ. ಉಳಿದ ಒಂದು ಬಟನ್, ಬಾಲ್‌ಪೆನ್ನಿನ ತುದಿಯಂತೆ, ಒಮ್ಮೆ ಒತ್ತಿದರೆ ಚಾಲೂ, ಮತ್ತೊಮ್ಮೆ ಒತ್ತಿದರೆ ಬಂದ್. ಪೆನ್ನಿನಲ್ಲಿ ನಿಬ್ಬು ಹೊರಗೆ ಬಂದದ್ದಾದರೂ ಕಾಣುತ್ತದೆ. ಇಲ್ಲಿ ಬಟನ್ ಎರಡು ಸಲವೂ ಒತ್ತಿದ ಬೆರಳಿನ ಹಿಂದೆಯೇ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ, ಒಳಗೆ ಏನು ನಡೆಯಿತೆಂಬುದನ್ನು ಬಾಯಿ ಬಿಡುವುದಿಲ್ಲ. ಬಲ್ಬನ್ನು ನೋಡಿಕೊಳ್ಳಿ ಎಂಬುದು ಇದರ ಸಿದ್ಧಾಂತ.

ಬಲ್ಬನ್ನು ನೋಡಿಕೊಳ್ಳಲು ಕರೆಂಟು ಇರಬೇಕು. ಇದೊಂದು ಅಂಶ ವಿನ್ಯಾಸಕಾರರ ಗಮನಕ್ಕೆ ಬಂದಂತಿಲ್ಲ, ನಮಗಾದರೋ ಬೇಸಿಗೆಯುದ್ದಕ್ಕೂ ಬೇರೆ ಯಾವುದೂ ಗಮನಕ್ಕೆ ಬರುವುದಿಲ್ಲ. ರಾತ್ರಿ ಹತ್ತಕ್ಕೆ ಕರೆಂಟು ಹೋಗುತ್ತದೆ. ಮನೆಯಲ್ಲಿ ಒಬ್ಬರು ಬಂದು ಬಟನ್ ಒತ್ತಿ, "ಕರೆಂಟ್ ಹೋಗ್ಯಾದ" ಎಂದು ಘೋಷಿಸುತ್ತಾರೆ. ಇನ್ನೊಬ್ಬರು ನಂಬದೆ ತಾವೂ ಒತ್ತಿ ಖಾತ್ರಿ ಮಾಡಿಕೊಳ್ಳುತ್ತಾರೆ. ಮಲಗುವ ಮುನ್ನ ಎಲ್ಲವನ್ನೂ ಬಂದ್ ಮಾಡೋಣವೆಂದು ಮೂರನೆಯವರು ಸಾಲಾಗಿ ಒತ್ತಿಕೊಂಡು ಹೋಗುತ್ತಾರೆ. ಯಾವುದು ಬಂದ್ ಆಯಿತು, ಯಾವುದು ಚಾಲೂ ಆಯಿತು ಎಂಬುದು ಆ ಕ್ಷಣದಿಂದ ಬಟನ್ನಿಗೆ ಮಾತ್ರ ಗೊತ್ತಿರುವ ಗುಟ್ಟು. ನಸುಕಿನ ಮೂರಕ್ಕೆ ಕರೆಂಟು ಮರಳಿದಾಗ ಮನೆಯ ಸಕಲ ದೀಪಗಳೂ ಒಟ್ಟಿಗೆ ಬೆಳಗಿ, ಶರಣಬಸವೇಶ್ವರರ ಜಾತ್ರೆ ನಮ್ಮ ಮನೆಯೊಳಗೇ ಶುರುವಾಯಿತೇನೋ ಎಂದು ಎಲ್ಲರೂ ಎದ್ದು ಕೂಡುತ್ತಾರೆ.

ಟಚ್ ಫಲಕಗಳದ್ದು ಇನ್ನೂ ಒಂದು ಹೆಜ್ಜೆ ಮುಂದಿನ ಸಾಧನೆ. ಅವುಗಳಿಗೆ ಒತ್ತುವುದೂ ಬೇಡ, ಬೆರಳ ತುದಿ ತಾಗಿದರೆ ಸಾಕು. ಒದ್ದೆ ಕೈ ತಾಗಿದರೆ ಒಂದು ಬೇಡಿದ್ದಕ್ಕೆ ಎರಡು ಕೊಡುವ ಉದಾರಿಗಳೂ ಅವುಗಳಲ್ಲಿವೆ. ಕತ್ತಲಲ್ಲಿ ಗೋಡೆ ಸವರುತ್ತ ಬರುವ ಕೈ, ಹುಡುಕುತ್ತಿರುವ ದೀಪವನ್ನು ತಲುಪುವಷ್ಟರಲ್ಲಿ ಗೀಸರು, ಎಗ್ಜಾಸ್ಟ್ ಫ್ಯಾನು, ಅಂಗಳದ ದೊಡ್ಡ ದೀಪ ಎಲ್ಲವನ್ನೂ ಎಬ್ಬಿಸಿರುತ್ತದೆ. ಒಳಗೆ ನ್ಯೂಟ್ರಲ್ ತಂತಿಯ, ಅಂದರೆ ಕರೆಂಟು ಮರಳಿ ಹೋಗುವ ತಂತಿಯ, ಏರ್ಪಾಡಿಲ್ಲದ ಫಲಕಗಳಾದರೆ, ತಮಗೆ ಬೇಕಾದ ಚೂರು ಕರೆಂಟನ್ನು ಬಲ್ಬಿನ ಮೂಲಕವೇ ಎಳೆದುಕೊಳ್ಳುತ್ತವೆ. ಹಳೆಯ ತಂತಿಯ ಬಲ್ಬಿಗೆ ಇದು ತಿಳಿಯುತ್ತಲೂ ಇರಲಿಲ್ಲ, ಈಗಿನ ಎಲ್‌ಇಡಿಗೆ ಅಷ್ಟೇ ಸಾಕಾಗಿ, ಬಂದ್ ಮಾಡಿದ ಮೇಲೂ ರಾತ್ರಿಯಿಡೀ ಮಿಣಮಿಣ ಎನ್ನುತ್ತಿರುತ್ತದೆ. ಇಷ್ಟರ ಮೇಲೆ ಗೊಂದಲ ತೀರಿಸಲೆಂದು ಕೊಟ್ಟ ಸಣ್ಣ ಕೆಂಪು ಚುಕ್ಕೆಯ ವಿಷಯ. ಒಂದು ಕಂಪನಿಯ ಚುಕ್ಕೆ ದೀಪ ಚಾಲೂ ಇದ್ದಾಗ ಬೆಳಗುತ್ತದೆ, ಇನ್ನೊಂದರದ್ದು ಬಂದ್ ಇದ್ದಾಗ, ಮೂರನೆಯದರದ್ದು ಬೋರ್ಡಿಗೆ ಕರೆಂಟು ಬಂದಿದೆ ಎನ್ನುವುದಕ್ಕಷ್ಟೇ. ಮೂರೂ ಒಂದೇ ಮನೆಯಲ್ಲಿ ಇರಬಾರದೆಂಬ ನಿಯಮವೇನೂ ಇಲ್ಲ.

ಇಲ್ಲಿಯವರೆಗಿನದನ್ನು ನಗುತ್ತ ಬರೆಯಬಹುದು. ಕೆಲವು ಅಗ್ಗದ ಟಚ್ ಫಲಕಗಳಿಗೆ ನೆನಪಿನ ಶಕ್ತಿ ಇಲ್ಲವೆಂಬುದನ್ನು ಮಾತ್ರ ನಗುತ್ತ ಬರೆಯಲಾಗುವುದಿಲ್ಲ. ಕರೆಂಟು ಒಂದು ಕ್ಷಣ ಹೋಗಿ ಬಂದರೆ ಸಾಕು, ಮೊದಲು ಏನೇನು ತಿರುಗುತ್ತಿತ್ತು ಎಂಬುದನ್ನು ಮರೆತು ಎಲ್ಲವನ್ನೂ ಬಂದ್ ಮಾಡಿಕೊಂಡು ಕೂಡುತ್ತವೆ. ಮೇ ತಿಂಗಳಲ್ಲಿ ಪಾರಾ ನಲವತ್ತೆರಡು ನಲವತ್ತಮೂರು ದಾಟುವ ಊರು ಇದು. ಹಗಲೆಲ್ಲ ಕಾದ ಛತ್ತು ನಡುರಾತ್ರಿಯಾದರೂ ಬಿಸಿ ಉಗುಳುತ್ತಿರುತ್ತದೆ. ಹಾಸಿಗೆ ಹಿಡಿದ ಆಯಿಯೊಬ್ಬಳ ತಲೆಯ ಮೇಲಿನ ಫ್ಯಾನು ನಿಂತಿದೆ, ಕರೆಂಟು ಇದೆ, ಪಕ್ಕದ ಮನೆಯ ಫ್ಯಾನು ತಿರುಗುತ್ತಿದೆ, ಆದರೆ ಎದ್ದು ಹೋಗಿ ಆ ಗಾಜನ್ನು ಮುಟ್ಟುವವರು ಬೇಕು. ಹಳೆಯ ಮೂಗಿನ ಸ್ವಿಚ್ಚು ಇದ್ದಿದ್ದರೆ ಕರೆಂಟು ಬಂದ ಕೂಡಲೇ ಫ್ಯಾನು ತಾನೇ ತಿರುಗುತ್ತಿತ್ತು. ಇದನ್ನು ಮಾಡಿದವರಿಗೆ ತಿಳಿಯಲಿಲ್ಲ ಎಂದರೆ ನಾನು ನಂಬುವುದಿಲ್ಲ. ನೆನಪಿಟ್ಟುಕೊಳ್ಳುವ ಫಲಕಗಳನ್ನು ಅವರೇ ಮಾಡುತ್ತಾರೆ, ಹೆಚ್ಚಿನ ಬೆಲೆಗೆ ಮಾರುತ್ತಾರೆ. ಅಗ್ಗದ್ದನ್ನು ಕೊಳ್ಳುವವರ ಸೆಕೆ ಅವರ ಲೆಕ್ಕದಲ್ಲಿ ಬರುವುದಿಲ್ಲ, ಅಷ್ಟೇ. ಐಎಸ್ಐ ಗುರುತಿದೆಯಲ್ಲ ಎಂದು ಅಂಗಡಿಯವರು ಸಮಾಧಾನ ಹೇಳುತ್ತಾರೆ. ಮನೆಬಳಕೆಯ ಸ್ವಿಚ್ಚುಗಳಿಗೆ ಐಎಸ್ 3854 ಎಂಬ ಮಾನದಂಡವಿದೆ, ನಿಜ, ಆ ಗುರುತು ಬೇಕೇ ಬೇಕು. ಸ್ವಿಚ್ಚು ಕಾದು ಕರಗಬಾರದು, ಮುಟ್ಟಿದವರಿಗೆ ಶಾಕ್ ಹೊಡೆಯಬಾರದು ಎಂಬುದನ್ನು ಅದು ನೋಡಿಕೊಳ್ಳುತ್ತದೆ. ಆಯಿಯ ಫ್ಯಾನನ್ನು ಅದಕ್ಕೆ ಯಾರೂ ವಹಿಸಿಲ್ಲ.

ಸರಕಾರಿ ಕಚೇರಿಗಳು ಮಾತ್ರ ಈ ವಿಷಯದಲ್ಲಿ ತಮ್ಮದೇ ಹಾದಿ ಕಂಡುಕೊಂಡಿವೆ, ಅದನ್ನು ಬೇರೆಯಾಗಿಯೇ ಹೊಗಳಬೇಕು. ದೊಡ್ಡ ಹಾಲು, ಬಾಗಿಲಿನ ಹಿಂದೆ ಒಂದು ಬೋರ್ಡು, ಅದರಲ್ಲಿ ಎಣಿಸಲು ಬೇಸರವಾಗುವಷ್ಟು ಸ್ವಿಚ್ಚುಗಳು. ಬಾಗಿಲು ತೆರೆದರೆ ಬೋರ್ಡು ಮುಚ್ಚುತ್ತದೆ, ಬೋರ್ಡು ಬೇಕೆಂದರೆ ಬಾಗಿಲು ಮುಚ್ಚಬೇಕು. ಯಾವ ಸ್ವಿಚ್ಚಿಗೆ ಯಾವ ಫ್ಯಾನು ಎಂಬುದು ಕಡತದಲ್ಲಿ ಇರುವುದಿಲ್ಲ, ಅದು ಒಬ್ಬ ಹಿರಿಯ ಜವಾನನ ತಲೆಯಲ್ಲಿ ಇರುತ್ತದೆ. ಸಾಹೇಬರು ವರ್ಗವಾಗಿ ಹೋಗುತ್ತಾರೆ, ಬರುತ್ತಾರೆ. ಎಲ್ಲರೂ ಸೆಕೆಗೆ ಬೆವರುತ್ತ ಅವನ ಹೆಸರು ಹಿಡಿದು ಕೂಗುವುದು ಮಾತ್ರ ತಪ್ಪುವುದಿಲ್ಲ. ಕೆಲವು ಸ್ವಿಚ್ಚುಗಳ ಮೇಲೆ ಬಿಳಿಯ ಪಟ್ಟಿ ಅಂಟಿಸಿ "ಒತ್ತಬಾರದು" ಎಂದು ಬರೆದಿರುತ್ತಾರೆ. ಒತ್ತಿದರೆ ಏನಾಗುತ್ತದೆ ಎಂದು ಅವನನ್ನೇ ಕೇಳಿದರೆ, "ಗೊತ್ತಿಲ್ರಿ, ನಾ ಬರೂ ಮುಂಚೇನೇ ಬರದಿದ್ರು" ಎನ್ನುತ್ತಾನೆ. ಅವನು ನಿವೃತ್ತನಾದ ಮರುದಿನ ಕಚೇರಿ ಏನು ಮಾಡುತ್ತದೆ ಎಂಬುದು ಊಹೆಗೆ ಬಿಟ್ಟದ್ದು. ಬಹುಶಃ ಅವನಿಗೇ ಫೋನು ಮಾಡುತ್ತದೆ.

ಬಟನ್ ಒತ್ತುವುದನ್ನು ಕಲೆಯ ಮಟ್ಟಕ್ಕೆ ಏರಿಸಿದವರು ನಮ್ಮ ರಾಜಕಾರಣಿಗಳು. ಕೆರೆಯಿಂದ ಹಿಡಿದು ಯೋಜನೆಯವರೆಗೆ ಈಗ ಎಲ್ಲಕ್ಕೂ ಚಾಲನೆ ಸಿಗುವುದು ಬಟನ್ ಒತ್ತಿದಾಗಲೇ. ವೇದಿಕೆಯ ಮೇಲೆ ಒಬ್ಬರು ಒತ್ತುತ್ತಾರೆ, ಅವರ ಕೈಯ ಮೇಲೆ ಹತ್ತು ಕೈಗಳು ಕೂಡುತ್ತವೆ, ಪರದೆಯ ಮೇಲೆ ಬೆಳಕು ಮೂಡುತ್ತದೆ. ಅಂಥ ಬಟನ್‌ಗೆ ತಂತಿ ಇರಲೇಬೇಕೆಂದಿಲ್ಲ. ತಂತಿ ಇರುವ ಸ್ವಿಚ್ಚಿನ ಬಳಿ ಪರದೆಯ ಹಿಂದೆ ಒಬ್ಬ ಹುಡುಗನನ್ನು ನಿಲ್ಲಿಸಿಕೊಳ್ಳಬಹುದು. ಮನೆಗೆ ಇನ್ನೂರು ಯೂನಿಟ್‌ವರೆಗೆ ಕರೆಂಟು ಉಚಿತವಾಗಿ ಕೊಡುವ ಗೃಹಜ್ಯೋತಿಗೆ 2023ರ ಆಗಸ್ಟ್ 5ರಂದು ವಿಧ್ಯುಕ್ತ ಚಾಲನೆ ಸಿಕ್ಕಿದ್ದೂ ನಮ್ಮ ಕಲಬುರಗಿಯಲ್ಲೇ. 2022-23ರ ಸರಾಸರಿ ಬಳಕೆ, ಅದರ ಮೇಲೆ ಒಂದಿಷ್ಟು ಹೆಚ್ಚುವರಿ, ಅಷ್ಟೂ ಇನ್ನೂರರ ಮಿತಿಯೊಳಗೆ ಎಂಬ ಲೆಕ್ಕವನ್ನು ಈಗ ಪ್ರತಿ ಗೃಹಿಣಿಯೂ ಬಾಯಿಪಾಠ ಮಾಡಿದ್ದಾಳೆ. ಸರಕಾರ ಮಿತಿ ದಾಟಬೇಡಿ ಎನ್ನುತ್ತದೆ, ದಾಟದಂತೆ ಬಂದ್ ಮಾಡಿದ್ದೇವೋ ಇಲ್ಲವೋ ಎಂಬುದನ್ನು ಸ್ವಿಚ್ಚು ಹೇಳಲು ಒಪ್ಪುವುದಿಲ್ಲ. ಗೀಸರಿನ ಬಟನ್ ಸ್ನಾನವಾದ ಮೇಲೂ ಒಳಗೊಳಗೇ ಚಾಲೂ ಇದ್ದು, ಮನೆಯವರೆಲ್ಲ ಯಾದಗಿರಿಯ ಮದುವೆಗೆ ಹೋಗಿ ಬರುವವರೆಗೂ ನೀರು ಕಾಸುತ್ತ ಕೂತಿದ್ದರೆ, ಆ ತಿಂಗಳ ಬಿಲ್ಲಿಗೆ ಹೊಣೆ ಯಾರು?

ಫೋನಿನಿಂದ ದೀಪ ಹಚ್ಚುವ ಇನ್ನೂ ಹೊಸ ಬಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಲ್ಬು ಹಚ್ಚಲು ಪಾಸ್‌ವರ್ಡ್ ಕೇಳುವ ಮನೆಗೆ ನಾನು ಅತಿಥಿಯಾಗಿ ಹೋಗುವುದನ್ನು ಬಿಟ್ಟಿದ್ದೇನೆ.

ಹಳೆಯ ನಮೂನೆಯ ಸ್ವಿಚ್ಚು ಬೇಕೆಂದು ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಅಂಗಡಿಯೊಂದರಲ್ಲಿ ಕೇಳಿದರೆ, ಅಂಗಡಿಯವರು ಮೊದಲು ಕನಿಕರದಿಂದ ನೋಡುತ್ತಾರೆ. "ಹೊಲದ ಮನಿಗೇನ್ರಿ?" ಎಂದು ವಿಚಾರಿಸುತ್ತಾರೆ. ಅಲ್ಲ, ಇರುವ ಮನೆಗೇ ಎಂದರೆ, ಮೇಲಿನ ಖಾನೆಯಿಂದ ಧೂಳು ಹಿಡಿದ ಪಿಯಾನೋ ಸ್ವಿಚ್ಚಿನ ಪೆಟ್ಟಿಗೆಯನ್ನು ಇಳಿಸುತ್ತಾರೆ. ಅಷ್ಟಕ್ಕೇ ಬಿಡದೆ, ಗಿರಾಕಿ ಸ್ಥಿತಿವಂತನಿರಬಹುದೆಂಬ ಸಣ್ಣ ಆಸೆಯಿಂದ, ಕೌಂಟರಿನ ಕೆಳಗಿನಿಂದ ನುಣುಪು ಕಾಗದದ ಕ್ಯಾಟಲಾಗೊಂದನ್ನು ತೆಗೆದು ಬಿಚ್ಚುತ್ತಾರೆ. ಅದರಲ್ಲಿ ಹಿತ್ತಾಳೆಯ ತಗಡು, ಅದರ ಮೇಲೆ ಮೂಗಿನ ಸ್ವಿಚ್ಚು, ಒತ್ತಿದರೆ ಟಕ್ ಎನ್ನುತ್ತದಂತೆ. ಹೆಸರು ವಿಂಟೇಜ್, ಇಡೀ ಕೋಣೆಯ ಪಿಯಾನೋ ಸ್ವಿಚ್ಚುಗಳ ಬೆಲೆಗೆ ಅದರದ್ದೊಂದು.

"ಸ್ಟಾಕ್ ಇಲ್ರಿ ಸಾಹೇಬ್ರ, ಬೆಂಗಳೂರಿಂದ ತರಿಸಬೇಕಾಗ್ತದ," ಎನ್ನುತ್ತಾರೆ ಅವರು. "ಅರ್ಧ ಅಡ್ವಾನ್ಸ್ ಕೊಟ್ಟ್ ಹೋಗ್ರಿ."