ಒಂದನೇ ಕ್ಲಾಸಿಗೇ ಅದ್ವೈತ

ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಕಲಿಕಾ ಆ್ಯಪ್ ಇನ್ನೊಂದು ಬಂದಿದೆ. ದೀಪ ಹಚ್ಚಿದ್ದು, ಶಾಲು ಹೊದಿಸಿದ್ದು, ಗಾಲಿಕುರ್ಚಿಯಲ್ಲಿದ್ದ ಮಗುವಿನ ಕೈಗೆ ಟ್ಯಾಬ್ ಇಟ್ಟು ಫೋಟೊ ತೆಗೆಸಿಕೊಂಡಿದ್ದು ನೀವೂ ನೋಡಿರುತ್ತೀರಿ. ಟ್ಯಾಬ್ ಆಫ್ ಇತ್ತು. ಅದಿರಲಿ.

ನಾನೂ ಆ್ಯಪ್ ಹಾಕಿಕೊಂಡು ಫೋನಿನ ಟಾಕ್‌ಬ್ಯಾಕ್ ಆನ್ ಮಾಡಿದೆ. ಪರದೆ ಮೇಲಿರುವುದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಸೌಲಭ್ಯ ಅದು. ಬೆರಳಿಟ್ಟ ಕಡೆಯೆಲ್ಲ ಒಂದೇ ಉತ್ತರ: ಹೆಸರಿಲ್ಲದ ಬಟನ್. ಆನೆಯೂ ಬಟನ್, ಬಾಳೆಹಣ್ಣೂ ಬಟನ್, ಆಟ ಬಿಟ್ಟು ಹೊರಗೆ ಹೋಗುವ ದಾರಿಯೂ ಬಟನ್. ಎಲ್ಲವೂ ಒಂದೇ ಎಂದು ತೋರಿಸೋಕೆ ಶಂಕರಾಚಾರ್ಯರು ಅಷ್ಟು ಭಾಷ್ಯ ಬರೆಯಬೇಕಾಯಿತು. ಇವರು ಸುಮ್ನೆ ಏನೂ ಬರೆಯದೆಯೇ ಸಾಧಿಸಿಬಿಟ್ಟರು!

ಮುಂದಿನ ಆಟ, ಹಣ್ಣನ್ನು ಎಳೆದು ಬುಟ್ಟಿಗೆ ಹಾಕುವುದು. ಹತ್ತು ಸೆಕೆಂಡ್ ಟೈಮು. ಸೆರೆಬ್ರಲ್ ಪಾಲ್ಸಿ, ಅಂದರೆ ಕೈಕಾಲು ಹೇಳಿದ ಹಾಗೆ ಕೇಳದ ತೊಂದರೆ, ಇರುವ ಮಗುವಿನ ಬೆರಳು ಹಣ್ಣಿನ ಹತ್ತಿರ ಹೋಗುವಷ್ಟರಲ್ಲಿ ಗೊಂಬೆ ಅಳೋಕೆ ಶುರು. ಒಂದೇ ದೊಡ್ಡ ಸ್ವಿಚ್ ಒತ್ತಿ ಫೋನ್ ನಡೆಸುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲೇ ಇದೆ. ಆ್ಯಪ್ ಅದಕ್ಕೆ ಬಗ್ಗಬೇಕಲ್ಲ? ಕಿವಿ ಕೇಳದ ಮಕ್ಕಳಿಗೆ ವಿಡಿಯೊ ಇದೆ. ಮೇಷ್ಟ್ರ ಬಾಯಿ ಆಡುತ್ತದೆ, ಕೆಳಗೆ ಅಕ್ಷರ ಬರುವುದಿಲ್ಲ, ಸನ್ನೆ ಭಾಷೆಯೂ ಇಲ್ಲ.

ಪಾಠದ ಪಿಡಿಎಫ್‌ಗಳ ಕಥೆಯೇ ಬೇರೆ. ಎಲ್ಲ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡ್ ಅಲ್ಲದ, ಹಳೇ ಫಾಂಟಿನ ಕನ್ನಡ ಕಣ್ಣಿಗೆ ಚಂದವೇ. ಕಂಪ್ಯೂಟರಿಗೆ ಮಾತ್ರ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಮೈಕೆಲ್ ಕರನ್ ಎಂಬ ಆಸ್ಟ್ರೇಲಿಯಾದ ಅಂಧ ಯುವಕ 2006ರಲ್ಲಿ ಎನ್‌ವಿಡಿಎ ಎಂಬ ಓದುವ ತಂತ್ರಾಂಶ ಶುರುಮಾಡಿದ. ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ನಮ್ಮ ಪಿಡಿಎಫ್ ಕೊಟ್ಟರೆ ಪಾಪ, ಮಂತ್ರವಾದಿಯ ಹಾಗೆ ಏನೇನೋ ಬಡಬಡಿಸುತ್ತದೆ.

ಕಾನೂನು ಇಲ್ಲ ಅಂತಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ಸೌಲಭ್ಯಗಳು ಎಲ್ಲರಿಗೂ ಎಟುಕುವಂತಿರಲಿ ಎಂದು ಅದರಡಿ ಬಂದ ಮಾರ್ಗಸೂಚಿಗಳು ಮಾತ್ರ ಹೆಚ್ಚಾಗಿ 'ಮಾಡಿದರೆ ಒಳ್ಳೆಯದು' ಎಂಬ ಧಾಟಿಯವು. ಕಡ್ಡಾಯ ನಿಯಮ ಮಾಡಿ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮೂರು ತಿಂಗಳ ಗಡುವು ಕೊಟ್ಟಿತು. ಗಡುವುಗಳಿಗೆ ನಮ್ಮಲ್ಲಿ ಎಷ್ಟು ಮರ್ಯಾದೆ ಅಂತ ನಿಮಗೆ ಗೊತ್ತೇ ಇದೆ.

ಬಟನ್‌ಗೆ ಹೆಸರಿಡೋಕೆ ಸಮಿತಿ ಬೇಡ, ಟೆಂಡರ್ ಬೇಡ. ಕೋಡ್‌ನಲ್ಲಿ 'ಆನೆ' ಅಂತ ಬರೆದರೆ ಮುಗಿಯಿತು. ಬಿಡುಗಡೆಗೆ ಮೊದಲು ಕಣ್ಣು ಕಾಣದ ಒಂದು ಮಗುವಿನ ಕೈಗೆ ಕೊಟ್ಟಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಕೊಡಲಿಲ್ಲ. ಮಗು ಫೋಟೊಗೆ ಬೇಕಿತ್ತು, ಅಷ್ಟೇ. ಇದರ ಮೇಲೆ ತಮಾಷೆ ಮಾಡೋಕೂ ನನಗೀಗ ಬೇಜಾರು.

ಎರಡನೇ ಆವೃತ್ತಿಯೂ ಬರುತ್ತದಂತೆ. ಅದರಲ್ಲಿ ಎಐ ಇರುತ್ತದಂತೆ.