ಬರಿಗಾಲಿನ ಕಥೆಗೊಂದು ಸ್ಪಷ್ಟನೆ

ಮೈಸೂರಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಅದೇ ಮೆಸೇಜು: ‘ಬರಿಗಾಲಲ್ಲಿ ಆಡಲು ಫಿಫಾ ಬಿಡಲಿಲ್ಲ, ಅದಕ್ಕೇ ಭಾರತ 1950ರ ಫುಟ್‌ಬಾಲ್ ವಿಶ್ವಕಪ್‌ಗೆ ಹೋಗಲಿಲ್ಲ.’ ಕೇಳಲು ಚೆಂದ, ಆದರೆ ವಿಷಯ ಹಾಗಲ್ಲ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಆಡಿದ್ದು ನಿಜ. ಎರಡು ಪೆನಾಲ್ಟಿ ಕೈಚೆಲ್ಲಿ ಫ್ರಾನ್ಸ್‌ಗೆ 2–1ರಿಂದ ಸೋತರು, ಪಾಪ. ಆದರೆ ವಿಶ್ವಕಪ್ ನಡೆದ ಬ್ರೆಜಿಲ್‌ಗೆ ಹೋಗದಿದ್ದಕ್ಕೆ ನಮ್ಮ ಫುಟ್‌ಬಾಲ್ ಫೆಡರೇಷನ್ ಕೊಟ್ಟ ಕಾರಣವೇ ಬೇರೆ: ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಾಲದ ಸಮಯ. ಆಗ ನಮ್ಮವರಿಗೆ ವಿಶ್ವಕಪ್‌ಗಿಂತ ಒಲಿಂಪಿಕ್ಸೇ ದೊಡ್ಡದು. ಬರಿಗಾಲಿನ ಮಾತು ಸುಮ್ನೆ ಕಥೆ ಅಂತ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದ್ದಾರೆ.

ಅಂದಹಾಗೆ, ವಿಶ್ವಕಪ್‌ನ ಆ ಜಾಗ ಗೆದ್ದು ಪಡೆದದ್ದೂ ಅಲ್ಲ. ಅರ್ಹತಾ ಸುತ್ತಿನ ನಮ್ಮ ಗುಂಪಿನ ಬೇರೆ ತಂಡಗಳು ಹಿಂದೆ ಸರಿದಿದ್ದರಿಂದ ಸಿಕ್ಕಿದ್ದು. ನಮ್ಮವರಿಗೆ ಬೂಟು ಕಡ್ಡಾಯವಾಗಿದ್ದು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10–1ರಿಂದ ಸೋತ ಮೇಲೆ.